ಜಪಾನಿ ಕಲಿಯೋರಿಗೆ: ದಾರೆಕಾ, ದಾರೆಮೊ, ದಾರೆದೆಮೊ ಯಾವುದು ಎಲ್ಲಿ ಬರುತ್ತೆ? ವಾ–ಗಾ, ನಿ–ದೆ ಗೊಂದಲವೂ ಇದೆ

ಹಾಸನದ_ಸುಮಾ · ಬುಧವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಜೆಎಲ್‌ಪಿಟಿ (ಜಪಾನಿ ಭಾಷೆಯ ಪರೀಕ್ಷೆ) ಎನ್5, ಅಂದ್ರೆ ಅದರ ಮೊದಲ ಹಂತ, ಬರೀತಿದ್ದೀನಿ. ಹಿರಗಾನಾ, ಕತಕಾನಾ ಅನ್ನೋ ಎರಡು ಅಕ್ಷರಮಾಲೆ, ಕ್ರಿಯಾಪದದ ರೂಪಗಳು ಎಲ್ಲಾ ಒಂದು ಹದಕ್ಕೆ ಬಂದಿವೆ. ಆದ್ರೆ ಪ್ರಶ್ನೆ ಕೇಳೋ ಪದಗಳು, ಅವುಗಳ ಬೆನ್ನಿಗೆ ಅಂಟಿಕೊಳ್ಳೋ ಕಾ, ಮೊ, ದೆಮೊ, ಆಮೇಲೆ ಈ ವಾ–ಗಾ, ನಿ–ದೆ ಅನ್ನೋ ಪ್ರತ್ಯಯಗಳು ಬಂದ ಕೂಡ್ಲೇ ಪೆನ್ನು ನಿಂತುಹೋಗುತ್ತೆ.

ಒಂದು ಉದಾಹರಣೆ ಹೇಳ್ತೀನಿ. ಮಾದರಿ ಪ್ರಶ್ನೆಪತ್ರಿಕೆಯಲ್ಲಿ "ಹೆಯಾ ನಿ ____ ಇಮಾಸು ಕಾ", ಅಂದ್ರೆ "ಕೋಣೇಲಿ ಯಾರಾದರೂ ಇದ್ದಾರಾ?" ಅಂತ ಇತ್ತು. ಆಯ್ಕೆಗಳು ದಾರೆಕಾ, ದಾರೆಮೊ, ದಾರೆದೆಮೊ. ನಮ್ಮ ಪುಸ್ತಕದಲ್ಲಿ ದಾರೆಕಾ ಅಂದ್ರೆ ಸಮ್‌ಬಡಿ, ದಾರೆದೆಮೊ ಅಂದ್ರೆ ಎನಿಬಡಿ ಅಂತ ಪಟ್ಟಿ ಕೊಟ್ಟಿದ್ದಾರೆ. ಹಾಗಾದ್ರೆ ಇಲ್ಲಿ ದಾರೆದೆಮೊ ಬರಬೇಕಲ್ವಾ? ಉತ್ತರ ನೋಡಿದ್ರೆ ದಾರೆಕಾ ಅಂತಿದೆ. ಕ್ಲಾಸಲ್ಲಿ ಕೇಳಿದ್ದಕ್ಕೆ "ಅದು ಹಾಗೇ, ಬಾಯಿಪಾಠ ಮಾಡ್ಕೊಳ್ಳಿ" ಅಂದ್ರು.

ಬಾಯಿಪಾಠಕ್ಕೇನೂ ಬೇಜಾರಿಲ್ಲ. ಯಾಕೆ ಅಂತ ತಿಳಿದ್ರೆ ನೆನಪಲ್ಲಿ ನಿಲ್ಲುತ್ತೆ ಅಷ್ಟೇ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ನಾಗೋಯಾ_ಕನ್ನಡಿಗ · ರಾತ್ರಿ 9:32

ಸುಮಾ ಅವರೇ, ಮೊದಲು ಆ ಸಮ್‌ಬಡಿ–ಎನಿಬಡಿ ಪಟ್ಟಿ ಹರಿದು ಹಾಕಿ. ಕನ್ನಡ ಬರೋರಿಗೆ ಈ ಪಾಠ ಇಂಗ್ಲಿಷ್ ಮೂಲಕ ಕಲಿಸೋದು ದೊಡ್ಡ ಅನ್ಯಾಯ. ನಮ್ಮಲ್ಲಿ ಇದೇ ಯಂತ್ರ ಇದೆ: ಪ್ರಶ್ನೆ ಪದದ ಹಿಂದೆ ಒಂದು ಸ್ವರ ಹಚ್ಚಿದ್ರೆ ಅರ್ಥ ತಿರುಗುತ್ತೆ.

ಯಾರು – ದಾರೆ. ಯಾರೋ – ದಾರೆಕಾ. ಯಾರೂ – ದಾರೆಮೊ. ಯಾರು ಬೇಕಾದರೂ – ದಾರೆದೆಮೊ.
ಏನು – ನಾನಿ. ಏನೋ – ನಾನಿಕಾ. ಏನೂ – ನಾನಿಮೊ. ಏನು ಬೇಕಾದರೂ – ನಾಂದೆಮೊ.
ಎಲ್ಲಿ – ದೊಕೊ. ಎಲ್ಲೋ – ದೊಕೊಕಾ. ಎಲ್ಲೂ – ದೊಕೊಮೊ. ಎಲ್ಲಿ ಬೇಕಾದರೂ – ದೊಕೊದೆಮೊ.

ನಮ್ಮ "ಓ" ಅವರ "ಕಾ". ನಮ್ಮ "ಊ" ಅವರ "ಮೊ". "ನಾನೂ ಬರ್ತೀನಿ" ಅನ್ನೋ ಊ ಕೂಡ ಅದೇ ಮೊ: "ವತಾಶಿ ಮೊ ಇಕಿಮಾಸು". "ಯಾರೂ ಇಲ್ಲ" ಅಂದಾಗ ಊ ಇದ್ರೆ ಇಲ್ಲ ಬರಲೇಬೇಕು, ಹಾಗೇ "ದಾರೆಮೊ ಇಮಾಸೆನ್". ಚೆಂದ ನೋಡಿ, "ಯಾವಾಗಲೂ" ಮಾತ್ರ ನಮ್ಮಲ್ಲಿ ಇಲ್ಲ ಬೇಡದೇ ನಿಲ್ಲುತ್ತೆ, ಸದಾ ಅನ್ನೋ ಅರ್ಥ ಕೊಡುತ್ತೆ. ಅವರ "ಇತ್ಸುಮೊ" ಕೂಡ ಹಾಗೇ!

ಈಗ ನಿಮ್ಮ ಪ್ರಶ್ನೆ. ಸಮಸ್ಯೆ ಇರೋದು ಕನ್ನಡದ "ಯಾರಾದರೂ" ಎರಡು ಕೆಲಸ ಮಾಡುತ್ತೆ ಅನ್ನೋದ್ರಲ್ಲಿ. "ಯಾರಾದರೂ ಇದ್ದಾರಾ?" ಅಂದಾಗ ಯಾರೋ ಒಬ್ಬರು ಇದ್ದಾರಾ ಅಂತ ವಿಚಾರಿಸ್ತಿದ್ದೀರಿ, ಅದು ದಾರೆಕಾ. "ಈ ಕೆಲಸ ಯಾರಾದರೂ ಮಾಡಬಹುದು" ಅಂದಾಗ ಯಾರು ಬೇಕಾದರೂ ಅಂತ ಅರ್ಥ, ಅದು ದಾರೆದೆಮೊ. "ಯಾರಾದರೂ" ಇರೋ ಜಾಗದಲ್ಲಿ "ಯಾರು ಬೇಕಾದರೂ" ಇಟ್ಟು ನೋಡಿ. "ಕೋಣೇಲಿ ಯಾರು ಬೇಕಾದರೂ ಇದ್ದಾರಾ?" ಅಂತ ಯಾರೂ ಅನ್ನಲ್ಲ. ಹಾಗಾಗಿ ದಾರೆದೆಮೊ ಅಲ್ಲ.

ಹಾಸನದ_ಸುಮಾ · ರಾತ್ರಿ 9:41

ಸರ್!! ಇಷ್ಟು ದಿನ ಇದನ್ನ ಯಾರೂ ಹೇಳಿರಲಿಲ್ಲ. ಯಾವಾಗಲೂ – ಇತ್ಸುಮೊ ನೋಡಿ ಮೈ ಜುಮ್ ಅಂತು.

ಪದ್ಮನಾಭನಗರ_ಸೆನ್ಸೇ · ರಾತ್ರಿ 9:58

ನಾನು ಎನ್5, ಅದರ ಮುಂದಿನ ಹಂತ ಎನ್4 ಮಕ್ಕಳಿಗೆ ಪಾಠ ಹೇಳ್ತೀನಿ. ನಾಗೋಯಾ ಅವರ ಪಟ್ಟಿ ಒಪ್ಪಿದೆ. ಒಂದು ಎಚ್ಚರಿಕೆ: ವಿಭಕ್ತಿ ಸೇರಿದಾಗ ಕನ್ನಡ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತೆ.

"ಎಲ್ಲಿಗೂ ಹೋಗಲ್ಲ" ಬಿಡಿಸಿ: ಎಲ್ಲಿ + ಗೆ + ಊ. ಜಪಾನಿ: ದೊಕೊ + ಎ + ಮೊ, "ದೊಕೊ ಎ ಮೊ ಇಕಿಮಾಸೆನ್". ಅಚ್ಚುಕಟ್ಟಾಗಿ ಹೊಂದಿತು. "ಯಾರಿಗೂ ಹೇಳಲಿಲ್ಲ" – "ದಾರೆ ನಿ ಮೊ ಇಇಮಾಸೆನ್ ದೆಶಿತಾ". ಇದೂ ಹೊಂದಿತು.

ಆದ್ರೆ "ಎಲ್ಲಿಗೋ ಹೋದ" ನೋಡಿ. ನಮ್ಮಲ್ಲಿ ಎಲ್ಲಿ + ಗೆ + ಓ. ಜಪಾನಿಯಲ್ಲಿ ಕಾ ಮೊದಲು, ವಿಭಕ್ತಿ ಆಮೇಲೆ: "ದೊಕೊಕಾ ಎ ಇಕಿಮಾಶಿತಾ". "ಯಾರಿಗೋ ಕೊಟ್ಟ" – "ದಾರೆಕಾ ನಿ ಅಗೆಮಾಶಿತಾ". ಕನ್ನಡದ ಓಟದಲ್ಲಿ "ದೊಕೊ ಎ ಕಾ" ಅಂತ ಬರೆದುಬಿಡೋ ಮಕ್ಕಳು ಪ್ರತಿ ಬ್ಯಾಚಲ್ಲೂ ಇರ್ತಾರೆ. ಮೊ ಜೊತೆ ವಿಭಕ್ತಿ ನಡುವೆ, ಕಾ ಜೊತೆ ವಿಭಕ್ತಿ ಕೊನೆಗೆ. ಇದೊಂದು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಇನ್ನೊಂದು. ಪರೀಕ್ಷೆಯಲ್ಲಿ "ದಾರೆಕಾ ಇಮಾಸು ಕಾ", "ದಾರೆ ಗಾ ಇಮಾಸು ಕಾ" ಎರಡನ್ನೂ ಅಕ್ಕಪಕ್ಕ ಇಡ್ತಾರೆ. ಮೊದಲನೆಯದಕ್ಕೆ ಉತ್ತರ ಹೌದು ಅಥವಾ ಇಲ್ಲ. ಎರಡನೆಯದಕ್ಕೆ ಉತ್ತರ ಒಂದು ಹೆಸರು. ಯಾರಾದರೂ ಇದ್ದಾರಾ, ಯಾರಿದ್ದಾರೆ. ಕೇಳಿಸಿಕೊಳ್ಳೋ ಭಾಗದಲ್ಲಿ ಕಾ, ಗಾ ಎರಡೂ ಒಂದೇ ಥರ ಕೇಳಿಸುತ್ತೆ, ಕಿವಿ ಚುರುಕಾಗಿರಲಿ.

ಕುಡ್ಲದ_ಮೀನು · ರಾತ್ರಿ 10:03

ಪ್ರಶ್ನೆಯ ಕೊನೆಗೆ "ಕಾ" ಹಾಕುವುದು ಎಲ್ಲ ಪ್ರಶ್ನೆಗೂ ಉಂಟಾ ಮಾರಾಯ್ರೆ? ನಾವು "ಬಂದ್ರಾ?" ಹೇಳುವಾಗ ಆ ಹಾಕ್ತೇವೆ, "ಎಲ್ಲಿಗೆ?" ಹೇಳುವಾಗ ಹಾಕುವುದಿಲ್ಲ.

ಪದ್ಮನಾಭನಗರ_ಸೆನ್ಸೇ · ರಾತ್ರಿ 10:09

ಒಳ್ಳೇ ಪ್ರಶ್ನೆ. ಇದು ಕನ್ನಡದವರು ಎಡವೋ ಜಾಗ. ನಮ್ಮಲ್ಲಿ ಪ್ರಶ್ನೆ ಪದ ಇದ್ರೆ ಕೊನೆಯ "ಆ" ಬೇಡ. ಜಪಾನಿಯಲ್ಲಿ ಮರ್ಯಾದೆಯ ಮಾತಲ್ಲಿ ಎರಡೂ ಬೇಕು: "ದೊಕೊ ಎ ಇಕಿಮಾಸು ಕಾ", "ಕೊರೆ ವಾ ನಾನ್ ದೆಸು ಕಾ". ಸ್ನೇಹಿತರ ನಡುವೆ ಕಾ ಬಿದ್ದುಹೋಗುತ್ತೆ, ದನಿ ಏರಿಸಿದ್ರೆ ಸಾಕು: "ದೊಕೊ ಇಕು?" ಸಲಿಗೆಯ ಕ್ರಿಯಾಪದಕ್ಕೆ ಕಾ ಅಂಟಿಸಿ "ದೊಕೊ ಇಕು ಕಾ?" ಅಂತ ಎದುರಿನವರನ್ನ ಕೇಳಿದ್ರೆ ಒರಟಾಗುತ್ತೆ. ಮಾಸು, ದೆಸು ಜೊತೆ ಕಾ ಇರಲಿ, ಸಲಿಗೆಯ ಮಾತಲ್ಲಿ ಬಿಡಿ.

ಕುಡ್ಲದ_ಮೀನು · ರಾತ್ರಿ 10:15

ಹಾಗಾದ್ರೆ ಸಿನಿಮಾಗಳಲ್ಲಿ ಹುಡುಗಿಯರು "ದೊಕೊ ಇಕು ನೊ?" ಹೇಳುವುದು ಯಾವ ನೊ?

ನಾಗೋಯಾ_ಕನ್ನಡಿಗ · ರಾತ್ರಿ 10:22

ನಿಮ್ಮ ಊರಿನ ಮಾತಲ್ಲೇ ಇದೆಯಲ್ಲ! "ಎಲ್ಲಿಗೆ ಹೋಗುವುದು?" ಅಂತೀರಲ್ಲ, ಆ "ವುದು" ಇದೆಯಲ್ಲ, ಅದೇ ನೊ. ಕ್ರಿಯಾಪದವನ್ನ ಒಂದು ವಸ್ತು ಮಾಡಿ ಕೇಳೋದು. "ಯಾಕೆ ಬಂದದ್ದು?" – "ದೋಶಿತೆ ಕಿತಾ ನೊ?" ಬರೀ "ಯಾಕೆ ಬಂದೆ?" ಅನ್ನೋದಕ್ಕಿಂತ ಇದ್ರಲ್ಲಿ ವಿಷಯ ತಿಳ್ಕೊಳ್ಳೋ ಆಸಕ್ತಿ ಇದೆ. ಹುಡುಗಿಯರು ಮಾತ್ರ ಅಲ್ಲ, ಪ್ರಶ್ನೆಯಲ್ಲಿ ಹುಡುಗರೂ ಧಾರಾಳವಾಗಿ ಬಳಸ್ತಾರೆ. ಮರ್ಯಾದೆಯ ರೂಪ "ದೋಶಿತೆ ಕಿತಾ ನ್ ದೆಸು ಕಾ".

ಕುಡ್ಲದ_ಮೀನು · ರಾತ್ರಿ 10:24

ಎಂಥ ಚಂದ! ಮಂಗಳೂರಿನವರಿಗೆ ಎನ್5 ಪುಕ್ಕಟೆ ಕೊಡಬೇಕು.

ಧಾರವಾಡ_ಪೇಡೆ · ರಾತ್ರಿ 10:40

ನಮಸ್ಕಾರ್ರಿ ಎಲ್ಲಾರಿಗೂ. ದೊರೆ, ದೊನೊ ಬಗ್ಗೆ ಯಾರೂ ಹೇಳಲಿಲ್ಲಲ್ರಿ, ಅದನ್ನ ನಾ ಹೇಳ್ತೀನಿ. ಅದು ಭಾಳ ಸರಳ ಐತಿ. ಯಾವುದು – ದೊರೆ. ಯಾವ – ದೊನೊ. "ಯಾವ ಪುಸ್ತಕ" ಅಂತೀವಿ, "ಯಾವುದು ಪುಸ್ತಕ" ಅನ್ನಂಗಿಲ್ಲ. ಹಂಗ "ದೊನೊ ಹೊನ್", "ದೊರೆ ಹೊನ್" ಆಗಂಗಿಲ್ಲ. ಇದು – ಕೊರೆ, ಈ – ಕೊನೊ. ಅದು – ಅರೆ, ಆ – ಅನೊ. ಇಂಗ್ಲಿಷ್‌ನಾಗ ಎರಡಕ್ಕೂ "ವಿಚ್" ಒಂದ ಇರೋದಕ್ಕ ಆ ಮಂದಿ ಒದ್ದಾಡ್ತಾರ, ನಾವ್ಯಾಕ ಒದ್ದಾಡಬೇಕು?

ದೊಚಿರಾ ಮಾತ್ರ ನಮ್ಮಲ್ಲಿ ಇಲ್ಲ. ಎರಡರಾಗ ಒಂದು ಆರಿಸೋದಿದ್ರ ದೊಚಿರಾ, ಮೂರು ಅಥವಾ ಹೆಚ್ಚಿದ್ರ ದೊರೆ. "ಕೋಹೀ ತೊ ಕೋಚಾ ತೊ, ದೊಚಿರಾ ಗಾ ಸುಕಿ ದೆಸು ಕಾ" – ಕಾಫಿ, ಚಹಾ, ಎರಡರಾಗ ಯಾವುದು ಸೇರ್ತದ? ಸಲಿಗ್ಯಾಗ ದೊಚ್ಚಿ ಅಂತಾರ.

ಮೈಸೂರ್_ಮಲ್ಲಿಗೆ · ರಾತ್ರಿ 10:47

ದೊಚಿರಾ ಅಂದ್ರೆ "ಎಲ್ಲಿ" ಅಂತಲೂ ಕಲಿಸಿದ್ರು ನಮಗೆ.

ಧಾರವಾಡ_ಪೇಡೆ · ರಾತ್ರಿ 10:52

ಹೌದ್ರಿ ಅಕ್ಕಾರ. ಮರ್ಯಾದಿ ಮಾತಿನಾಗ ದೊಕೊ ಬದಲಿ ದೊಚಿರಾ. "ತಮ್ಮದು ಯಾವ ಊರಾತ್ರಿ?" ಅಂತ ಕೇಳಿದಂಗ "ದೊಚಿರಾ ಕರಾ ದೆಸು ಕಾ". ಫೋನಿನಾಗ ಯಾರು ಮಾತಾಡೋದು ಅಂತ ಕೇಳಾಕ "ದೊಚಿರಾ ಸಾಮಾ". ಹಂಗ ದಾರೆ ಬದಲಿ ದೊನಾತಾ. ಹಿರೇರ ಮುಂದ "ದಾರೆ ದೆಸು ಕಾ" ಅನಬ್ಯಾಡ್ರಿ, "ಯಾರಂವಾ ನೀ?" ಅಂದಂಗ ಕೇಳ್ತದ.

ಬಿಡದಿ_ಶಿಫ್ಟ್ · ರಾತ್ರಿ 11:15

ನಾನು ಕೆಲಸ ಮಾಡೋ ಕಡೆ ಜಪಾನಿನ ಎಂಜಿನಿಯರ್‌ಗಳು ಬರ್ತಿರ್ತಾರೆ. ಒಬ್ಬರು ನಮ್ಮ ಹುಡುಗನಿಗೆ "ನಾಂದೆ ಕಿತಾ ನೊ?" ಅಂದ್ರು. ಅವನು ಮುಖ ಸಪ್ಪಗೆ ಮಾಡ್ಕೊಂಡು ತಾನು ಯಾಕೆ ಬಂದೆ ಅಂತ ವಿವರಿಸೋಕೆ ಶುರು ಮಾಡಿದ: ಕರೆದಿದ್ರು, ಅದಕ್ಕೆ ಬಂದೆ ಅಂತ. ಅವರು ಕೇಳಿದ್ದು ಯಾವುದ್ರಲ್ಲಿ ಬಂದೆ, ಬಸ್ಸಾ ಬೈಕಾ ಅಂತ. ಅವತ್ತು ಬಸ್ ಇರಲಿಲ್ಲ, ಪಾಪ ಕಾಳಜಿಯಿಂದ ಕೇಳಿದ್ರು. ಈ ನಾನಿ, ನಾನ್ ಯಾವಾಗ ಯಾವುದು ಅಂತ ಸ್ವಲ್ಪ ಹೇಳಿ.

ಪದ್ಮನಾಭನಗರ_ಸೆನ್ಸೇ · ರಾತ್ರಿ 11:31

ನಾಂದೆ ಅನ್ನೋದಕ್ಕೆ ನಿಜವಾಗಿ ಎರಡೂ ಅರ್ಥ ಇವೆ: ಯಾಕೆ, ಯಾವುದರಿಂದ. ಗೊಂದಲ ಬೇಡ ಅಂದ್ರೆ ಎರಡನೆಯದಕ್ಕೆ "ನಾನಿ ದೆ" ಅನ್ನಿ. "ನಾನಿ ದೆ ಕಿಮಾಶಿತಾ ಕಾ" ಅಂದ್ರೆ ಬಸ್ಸು, ರೈಲಿನ ಮಾತು ಅಂತ ಸ್ಪಷ್ಟ.

ನಾನಿ, ನಾನ್ ಎರಡಕ್ಕೂ ಒಂದೇ ಕಾಂಜಿ (ಚೀನೀ ಮೂಲದ ಅಕ್ಷರ), ಓದೋದು ಎರಡು ಥರ. ಮುಂದೆ ತ, ದ, ನ ವರ್ಗದ ಶಬ್ದ ಬಂದ್ರೆ ಸಾಮಾನ್ಯವಾಗಿ ನಾನ್: ನಾನ್ ದೆಸು ಕಾ, ನಾನ್ ನೊ ಹೊನ್, ನಾನ್ ತೊ ಇಇಮಾಸು ಕಾ. ಎಣಿಕೆಯ ಪದ ಬಂದ್ರೂ ನಾನ್: ನಾಂಜಿ ಎಷ್ಟು ಗಂಟೆ, ನಾನ್‌ಸಾಯ್ ಎಷ್ಟು ವಯಸ್ಸು, ನಾನ್‌ಕಾಯ್ ಎಷ್ಟು ಸಲ. ಓ (ನಮ್ಮ "ಅನ್ನು"), ಗಾ, ಕಾ, ಮೊ ಜೊತೆ ನಾನಿ: ನಾನಿ ಓ, ನಾನಿ ಗಾ, ನಾನಿಕಾ, ನಾನಿಮೊ.

ಒಂದು ಮಜಾ ಜೋಡಿ: ಅವೇ ಎರಡು ಕಾಂಜಿಗಳನ್ನ "ನಾನ್‌ನಿನ್" ಅಂತ ಓದಿದ್ರೆ ಎಷ್ಟು ಜನ, "ನಾನಿಜಿನ್" ಅಂತ ಓದಿದ್ರೆ ಯಾವ ದೇಶದವರು. ಬರವಣಿಗೆಯಲ್ಲಿ ಹಿಂದೆ ಮುಂದೆ ನೋಡಿಯೇ ತಿಳ್ಕೋಬೇಕು.

ಯಾಕೆ ಅನ್ನೋದಕ್ಕೆ ಮೂರು ಪದ: ನಾಜೆ ಬರಹದಲ್ಲಿ, ಭಾಷಣದಲ್ಲಿ ಜಾಸ್ತಿ. ದೋಶಿತೆ ಎಲ್ಲಿಗೂ ಸಲ್ಲುತ್ತೆ. ನಾಂದೆ ಸಲಿಗೆಯದು. ಮೇಲಿನವರಿಗೆ ನಾಂದೆ ಅಂದ್ರೆ ಜಗಳಕ್ಕೆ ನಿಂತ ಹಾಗೆ ಕೇಳಿಸಬಹುದು. ನೀವು ಕಲಿಯೋ ಹಂತದಲ್ಲಿ ದೋಶಿತೆ ಸಾಕು.

ತುಮ್ಕೂರ್_ತಟ್ಟೆಇಡ್ಲಿ · ಗುರುವಾರ ಬೆಳಗ್ಗೆ 7:20

ಎಷ್ಟು ಅನ್ನೋದಕ್ಕೆ ಇಕುರಾ, ಇಕುತ್ಸು ಎರಡಿದೆಯಲ್ಲ, ಅದು?

ಮೈಸೂರ್_ಮಲ್ಲಿಗೆ · ಬೆಳಗ್ಗೆ 7:45

ಇಕುರಾ ದುಡ್ಡಿಗೆ, ಇಕುತ್ಸು ವಸ್ತುಗಳ ಎಣಿಕೆಗೆ. ವಯಸ್ಸು ಕೇಳೋದಕ್ಕೂ ಇಕುತ್ಸು, ಗೌರವದಿಂದ "ಒಯ್ಕುತ್ಸು ದೆಸು ಕಾ". ಜನಕ್ಕೆ ನಾನ್‌ನಿನ್. ನಮ್ಮ "ಎಷ್ಟು" ಒಂದೇ ಪದ ದುಡ್ಡು, ದೂರ, ಜನ, ವಯಸ್ಸು ಎಲ್ಲಾ ಹೊತ್ಕೊಳ್ಳುತ್ತೆ, ಅವರಲ್ಲಿ ಹಂಚಿಹೋಗಿದೆ.

ಆದ್ರೆ ಒಂದು ಕಡೆ ನಾವು ಗೆದ್ವಿ. "ಎಷ್ಟನೇ" ಅನ್ನೋದನ್ನ ಇಂಗ್ಲಿಷಲ್ಲಿ ಕೇಳೋಕೆ ಬರಲ್ಲ. ಜಪಾನಿಯಲ್ಲಿ ಬರುತ್ತೆ: ನಾನ್‌ಬಾನ್‌ಮೆ. "ನೀನು ನಿಮ್ಮಪ್ಪನಿಗೆ ಎಷ್ಟನೇ ಮಗ" ಅನ್ನೋ ನಮ್ಮ ಹಳೇ ಒಗಟಿನಂಥ ಪ್ರಶ್ನೆ ಜಪಾನಿಯಲ್ಲಿ ಆರಾಮಾಗಿ ಕೇಳಬಹುದು.

ಬಿಡದಿ_ಶಿಫ್ಟ್ · ಬೆಳಗ್ಗೆ 8:02

ಇಕುರಾ ಅಂದ್ರೆ ಮೀನಿನ ಮೊಟ್ಟೆ ಅಂತ ಕ್ಯಾಂಟೀನಲ್ಲಿ ಹೇಳಿದ್ರಲ್ಲ?

ನಾಗೋಯಾ_ಕನ್ನಡಿಗ · ಬೆಳಗ್ಗೆ 8:30

ಅದೂ ಹೌದು. ಸಾಲ್ಮನ್ ಮೀನಿನ ಕಿತ್ತಳೆ ಬಣ್ಣದ ಮೊಟ್ಟೆ. ಆ ಪದ ರಷ್ಯನ್‌ನಿಂದ ಬಂದದ್ದು, ಬೆಲೆ ಕೇಳೋ ಇಕುರಾಗೂ ಅದಕ್ಕೂ ಸಂಬಂಧ ಇಲ್ಲ. ಸುಶಿ ಅಂಗಡೀಲಿ "ಇಕುರಾ ವಾ ಇಕುರಾ ದೆಸು ಕಾ" ಅಂತ ಇಲ್ಲಿಯ ಮಕ್ಕಳೂ ತಮಾಷೆ ಮಾಡ್ತಾರೆ.

ಜಯನಗರ_ಜಿ · ಬೆಳಗ್ಗೆ 9:12

ಎಲ್ಲರ ಉತ್ಸಾಹಕ್ಕೆ ಗೌರವ ಇದೆ. ಆದ್ರೆ ನನ್ನ ಮಾತು ಬೇರೆ. ಕನ್ನಡದಿಂದ ಜಪಾನಿಗೆ ಪದಕ್ಕೆ ಪದ ಕೂರಿಸ್ತಾ ಹೋದ್ರೆ ಮಾತಾಡುವಾಗ ತಲೆಯಲ್ಲಿ ಅನುವಾದ ನಡೀತಾನೇ ಇರುತ್ತೆ, ಮಾತು ಓಡಲ್ಲ. ನೂರು ವಾಕ್ಯ ಕೇಳಿ, ನೂರು ವಾಕ್ಯ ಹೇಳಿ, ಪ್ರತ್ಯಯ ತಾನೇ ಕೂರುತ್ತೆ. ಸ್ಥಳ ಹೇಳೋ ನಿ–ದೆ ವಿಷಯದಲ್ಲಂತೂ ಕನ್ನಡ ನಿಮ್ಮನ್ನ ದಾರಿ ತಪ್ಪಿಸುತ್ತೆ. "ಲೈಬ್ರರಿಯಲ್ಲಿ ಇದ್ದೀನಿ", "ಲೈಬ್ರರಿಯಲ್ಲಿ ಓದ್ತೀನಿ" ಎರಡಕ್ಕೂ ನಾವು "ಅಲ್ಲಿ" ಅಂತೀವಿ. ಅವರು "ತೊಶೊಕಾನ್ ನಿ ಇಮಾಸು", "ತೊಶೊಕಾನ್ ದೆ ಬೆಂಕ್ಯೋ ಶಿಮಾಸು" ಅಂತಾರೆ. ಈಗ ಕನ್ನಡ ಏನು ಮಾಡುತ್ತೆ?

ನಾಗೋಯಾ_ಕನ್ನಡಿಗ · ಬೆಳಗ್ಗೆ 9:50

ಜಿ ಅವರೇ, ನಿ–ದೆಯಲ್ಲೇ ಕನ್ನಡ ನನಗೆ ಹೆಚ್ಚು ಉಪಕಾರ ಮಾಡಿದ್ದು. ಶಾಲೆಯಲ್ಲಿ ಉರು ಹೊಡೆದ "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ" ನೆನಪು ಮಾಡ್ಕೊಳ್ಳಿ.

"ಅಲ್ಲಿ" ಅಂದ್ರೆ ಮೊದಲು "ದೆ" ಅಂತಲೇ ಹಿಡಿಯಿರಿ. ಬಸ್ಸಲ್ಲಿ ಹೋಗ್ತೀನಿ – ಬಾಸು ದೆ. ಜಪಾನಿಯಲ್ಲಿ ಮಾತಾಡಿ – ನಿಹೊಂಗೊ ದೆ. ಮನೇಲಿ ಊಟ ಮಾಡ್ತೀನಿ – ಉಚಿ ದೆ. ಕಾಗದದಲ್ಲಿ ಮಾಡಿದ ಹೂವು – ಕಾಮಿ ದೆ. ಇಂಗ್ಲಿಷ್ ದಾರಿಯಲ್ಲಿ ಹೋದ್ರೆ ಇವಕ್ಕೆ ಬೈ, ಇನ್, ಅಟ್, ಔಟ್ ಆಫ್ ಅಂತ ನಾಲ್ಕು ಬೇಕು. ಕನ್ನಡಕ್ಕೆ ಒಂದೇ, ಜಪಾನಿಗೂ ಒಂದೇ.

ಇರುವಿಕೆಯ ಕ್ರಿಯಾಪದ ಬಂದಾಗ ಮಾತ್ರ ಅಲ್ಲಿ "ನಿ" ಆಗುತ್ತೆ: ಇದೆ, ಇದ್ದಾರೆ, ವಾಸ ಇದ್ದಾರೆ, ಕೂತಿದ್ದಾರೆ. ಅರಿಮಾಸು, ಇಮಾಸು, ಸುಂದೆ ಇಮಾಸು, ಸುವಾತ್ತೆ ಇಮಾಸು.

ಹಾಗೇ "ಗೆ" ಅಂದ್ರೆ ಕಣ್ಣು ಮುಚ್ಚಿ "ನಿ". ಆರು ಗಂಟೆಗೆ – ರೊಕುಜಿ ನಿ. ಅಮ್ಮನಿಗೆ – ಹಹಾ ನಿ. ಕ್ಯೋತೊಗೆ – ಕ್ಯೋತೊ ನಿ.

ಪದ್ಮನಾಭನಗರ_ಸೆನ್ಸೇ · ಬೆಳಗ್ಗೆ 10:20

"ಕಣ್ಣು ಮುಚ್ಚಿ" ಅನ್ನೋದು ಜಾಸ್ತಿ ಆಯ್ತು ಸರ್. ಕೆಲವು ಕಡೆ ಕಣ್ಣು ತೆರೆದಿರಬೇಕು:

ಗೆಳೆಯನನ್ನ ಭೇಟಿ ಆದೆ: ನಮ್ಮಲ್ಲಿ "ಅನ್ನು", ಅವರಲ್ಲಿ "ತೊಮೊದಾಚಿ ನಿ ಆಇಮಾಶಿತಾ". ಓ ಹಾಕಿದ್ರೆ ತಪ್ಪು.
ಬಸ್ ಹತ್ತಿದೆ: "ಬಾಸು ನಿ ನೊರಿಮಾಶಿತಾ". ಬಸ್ ಇಳಿದೆ: "ಬಾಸು ಓ ಒರಿಮಾಶಿತಾ".
ಗೆಳೆಯನಿಂದ ಉಡುಗೊರೆ ಸಿಕ್ತು: ನಮ್ಮ "ಇಂದ" ಇರೋ ಕಡೆ ಮೊರಾಉ (ಪಡೆಯೋದು) ಜೊತೆ ನಿ ಬರುತ್ತೆ, "ತೊಮೊದಾಚಿ ನಿ ಮೊರಾಇಮಾಶಿತಾ". ಕರಾ (ಇಂದ) ಅಂದ್ರೂ ನಡೆಯುತ್ತೆ.
ಸೋಮವಾರ ಬರ್ತೀನಿ: ಕನ್ನಡದಲ್ಲಿ ಗೆ ಇಲ್ಲ, ಅಲ್ಲಿ "ಗೆತ್ಸುಯೋಬಿ ನಿ".

ಅರಿಮಾಸು ಇದ್ರೂ ದೆ ಬರೋ ಜಾಗ ಒಂದಿದೆ. ನಡೆಯೋ ಕಾರ್ಯಕ್ರಮ ಆದ್ರೆ ದೆ: "ಕಾಇಗಿ ವಾ ದೊಕೊ ದೆ ಅರಿಮಾಸು ಕಾ", ಮೀಟಿಂಗ್ ಎಲ್ಲಿ. ಕುರ್ಚಿ ಎಲ್ಲಿದೆ ಅಂದ್ರೆ ದೊಕೊ ನಿ. ಮೀಟಿಂಗ್ ಒಂದು ಕಡೆ ಇರೋದಲ್ಲ, ನಡೆಯೋದು. ಕನ್ನಡದಲ್ಲೂ "ಮೀಟಿಂಗ್ ಎಲ್ಲಿ ನಡೆಯುತ್ತೆ" ಅನ್ನಬಹುದು, "ಕುರ್ಚಿ ಎಲ್ಲಿ ನಡೆಯುತ್ತೆ" ಅನ್ನೋ ಹಾಗಿಲ್ಲ. ಹಾಗೆ ಪರೀಕ್ಷೆ ಮಾಡ್ಕೊಳ್ಳಿ.

ಜಯನಗರ_ಜಿ · ಬೆಳಗ್ಗೆ 10:34

ನೋಡಿದ್ರಾ, ಇಷ್ಟೆಲ್ಲಾ ವಿನಾಯಿತಿ ನೆನಪಿಡೋ ಬದಲು ಕ್ರಿಯಾಪದವನ್ನೇ ಅದರ ಪ್ರತ್ಯಯದ ಜೊತೆ ಕಲಿಯಿರಿ ಅಂತ ನಾನು ಹೇಳಿದ್ದು. "ನಿ ಆಉ", "ನಿ ನೊರು", "ಓ ಒರಿರು". ಒಂಟಿಯಾಗಿ ಆಉ ಅಂತ ಬರೆದುಕೊಂಡ್ರೆ ಉಪಯೋಗ ಇಲ್ಲ.

ಪದ್ಮನಾಭನಗರ_ಸೆನ್ಸೇ · ಬೆಳಗ್ಗೆ 10:41

ಈ ಮಾತಿಗೆ ನನ್ನದೂ ಒಪ್ಪಿಗೆ.

ಹಾಸನದ_ಸುಮಾ · ಮಧ್ಯಾಹ್ನ 1:15

ಊಟದ ಬಿಡುವಲ್ಲಿ ಓದಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾ–ಗಾ ಉಳೀತು. "ದಾರೆ ವಾ" ಯಾಕೆ ತಪ್ಪು? ಮತ್ತೆ "ವತಾಶಿ ವಾ ಕೋಹೀ ಗಾ ಸುಕಿ" ಅಂದಾಗ ಇಷ್ಟಪಡೋಳು ನಾನು, ಕಾಫಿಗೆ ಯಾಕೆ ಗಾ? ಕಾಫಿ ಕರ್ಮ ಅಲ್ವಾ?

ನಾಗೋಯಾ_ಕನ್ನಡಿಗ · ಮಧ್ಯಾಹ್ನ 1:48

ಎರಡನೆಯದನ್ನ ಮೊದಲು ಹೇಳ್ತೀನಿ, ನನಗೆ ಅತಿ ಪ್ರೀತಿಯ ಭಾಗ ಅದು. ಇಂಗ್ಲಿಷಲ್ಲಿ "ಐ ಲೈಕ್ ಕಾಫಿ" ಅಂತ ಕಲಿತಿದ್ರಿಂದ ಕಾಫಿ ಕರ್ಮ ಅನ್ನಿಸ್ತಿದೆ. ಕನ್ನಡದಲ್ಲಿ ಹೇಳಿ: "ನನಗೆ ಕಾಫಿ ಇಷ್ಟ". ಕಾಫಿಗೆ "ಅನ್ನು" ಬಂತಾ? ಇಲ್ಲ. "ನನಗೆ ಕಾಫಿಯನ್ನು ಇಷ್ಟ" ಅಂದ್ರೆ ಮಗು ಕೂಡ ತಿದ್ದುತ್ತೆ. ಕಾಫಿ ಪ್ರಥಮಾ ವಿಭಕ್ತಿಯಲ್ಲೇ ಇದೆ. ಅದೇ ಗಾ.

ಇದೇ ಸಾಲಲ್ಲಿ ಎಲ್ಲಾ ಬರುತ್ತವೆ. "ನನಗೆ ಜಪಾನಿ ಅರ್ಥ ಆಗುತ್ತೆ" – ನಿಹೊಂಗೊ ಗಾ ವಕಾರಿಮಾಸು. "ನನಗೆ ನೀರು ಬೇಕು" – ಮಿಜು ಗಾ ಹೊಶೀ ದೆಸು. "ನನಗೆ ತಲೆ ನೋಯ್ತಿದೆ" – ಅತಾಮಾ ಗಾ ಇತಾಯ್ ದೆಸು. "ಬೆಟ್ಟ ಕಾಣುತ್ತೆ" – ಯಾಮಾ ಗಾ ಮಿಯೆಮಾಸು. "ದನಿ ಕೇಳಿಸುತ್ತೆ" – ಕೊಎ ಗಾ ಕಿಕೊಯೆಮಾಸು. ಕಾಣು–ನೋಡು, ಕೇಳಿಸು–ಕೇಳು ಅನ್ನೋ ವ್ಯತ್ಯಾಸ ಅಲ್ಲೂ ಇದೆ: ಮಿಯೆರು–ಮಿರು, ಕಿಕೊಯೆರು–ಕಿಕು. ಮನಸ್ಸಿಗೆ, ಮೈಗೆ ತಾನಾಗಿ ಆಗೋದನ್ನ ನಾವೂ ಅವರೂ "ನಾನು ಮಾಡ್ತೀನಿ" ಅನ್ನಲ್ಲ. ನಾನು ಎಷ್ಟೋ ಜನ ಕನ್ನಡದ ಮಕ್ಕಳು "ಕೋಹೀ ಓ ಸುಕಿ" ಅನ್ನೋದು ಕೇಳಿದ್ದೀನಿ. ಮನೆಯಲ್ಲಿ ಇರೋದನ್ನ ಬಿಟ್ಟು ಇಂಗ್ಲಿಷ್ ಬಾಗಿಲಿಂದ ಒಳಗೆ ಬಂದಿದ್ರಿಂದಲೇ ಅದು.

ಪದ್ಮನಾಭನಗರ_ಸೆನ್ಸೇ · ಮಧ್ಯಾಹ್ನ 2:05

ಮೊದಲನೆಯದು ನಾನು ಹೇಳ್ತೀನಿ. ವಾ ಅಂದ್ರೆ "ಈ ವಿಷಯ ನಮ್ಮಿಬ್ಬರಿಗೂ ಗೊತ್ತು, ಇದರ ಬಗ್ಗೆ ಈಗ ಹೇಳ್ತೀನಿ" ಅಂತ. "ಯಾರು" ಅನ್ನೋದು ಗೊತ್ತಿಲ್ಲದೇ ಇರೋದು, ಅದನ್ನ ವಿಷಯ ಮಾಡೋಕೆ ಆಗಲ್ಲ. ಹಾಗಾಗಿ ದಾರೆ, ನಾನಿ, ದೊರೆ ಕರ್ತೃ ಆದ್ರೆ ಗಾ. ಉತ್ತರದಲ್ಲೂ ಗಾ: "ದಾರೆ ಗಾ ಕಿಮಾಶಿತಾ ಕಾ" – "ತನಾಕಾ ಸಾನ್ ಗಾ ಕಿಮಾಶಿತಾ".

ಪ್ರಶ್ನೆ ಪದ ವಾ ನಂತರ ಬಂದ್ರೆ ತೊಂದರೆ ಇಲ್ಲ: "ಅನೊ ಹಿತೊ ವಾ ದಾರೆ ದೆಸು ಕಾ". ಆ ವ್ಯಕ್ತಿ ಎದುರಿಗಿದ್ದಾರೆ, ಅವರ ಬಗ್ಗೆ ಕೇಳ್ತಿದ್ದೀವಿ.

ಅಜ್ಜಿ ಕಥೆ ನೆನಪಿಸಿಕೊಳ್ಳಿ. ಒಂದಾನೊಂದು ಊರಲ್ಲಿ ಒಬ್ಬ ಅಜ್ಜ ಇದ್ದ: "ಒಜೀಸಾನ್ ಗಾ ಇಮಾಶಿತಾ". ಈಗಷ್ಟೇ ಕಥೆಗೆ ಬಂದ, ಅದಕ್ಕೆ ಗಾ. ಮುಂದಿನ ವಾಕ್ಯದಿಂದ ಅವನು ಪರಿಚಯದವನು: "ಒಜೀಸಾನ್ ವಾ ಯಾಮಾ ಎ ಇಕಿಮಾಶಿತಾ". ಕನ್ನಡದಲ್ಲಿ "ಒಬ್ಬ ಅಜ್ಜ", ಆಮೇಲೆ ಬರೀ "ಅಜ್ಜ".

ಧಾರವಾಡ_ಪೇಡೆ · ಮಧ್ಯಾಹ್ನ 2:30

"ಯಾರು ಮಾಡಿದ್ದು?" "ನಾನs ಮಾಡಿದ್ದು". ಆ ಒತ್ತಿ ಹೇಳೋ ಏ ಐತಲ್ರಿ, ಅದು ಗಾ. "ವತಾಶಿ ಗಾ ಯಾರಿಮಾಶಿತಾ". ಇನ್ನ "ನಾನಂತೂ ಬರಂಗಿಲ್ಲ", ಬ್ಯಾರೇದೋರ ಸುದ್ದಿ ಗೊತ್ತಿಲ್ಲ ಅನ್ನೋ ಅಂತೂ, ಅದು ವಾ. "ವತಾಶಿ ವಾ ಇಕಿಮಾಸೆನ್". ಪೂರಾ ಹೊಂದಂಗಿಲ್ಲ, ಖರೆ ಮುಕ್ಕಾಲು ಪಾಲು ಕೆಲಸ ಆಗ್ತದ.

ತುಮ್ಕೂರ್_ತಟ್ಟೆಇಡ್ಲಿ · ಮಧ್ಯಾಹ್ನ 3:10

ವಾ ಅಂತ ಓದ್ತೀವಿ, ಬರೆಯೋದು "ಹಾ" ಅಕ್ಷರದಲ್ಲಿ. ಎ ಅಂತ ಓದ್ತೀವಿ, ಬರೆಯೋದು "ಹೆ" ಅಕ್ಷರದಲ್ಲಿ. ಯಾಕೆ ಹಿಂಗೆ?

ನಾಗೋಯಾ_ಕನ್ನಡಿಗ · ಮಧ್ಯಾಹ್ನ 3:26

ಹಳೇ ಬರವಣಿಗೆಯ ಉಳಿಕೆ. 1946ರಲ್ಲಿ ಕಾನಾ (ಹಿರಗಾನಾ, ಕತಕಾನಾ) ಬರವಣಿಗೆಯನ್ನ ಉಚ್ಚಾರಕ್ಕೆ ಸರಿಯಾಗಿ ತಿದ್ದಿದಾಗ ಈ ಮೂರು ಪ್ರತ್ಯಯಗಳನ್ನ, ಅಂದ್ರೆ ವಾ, ಎ, ಓ, ಹಳೇ ಅಕ್ಷರದಲ್ಲೇ ಬಿಟ್ಟರು. 1986ರ ಪರಿಷ್ಕರಣೆಯಲ್ಲೂ ಹಾಗೇ ಉಳೀತು. ಒಂದು ಲಾಭ ಇದೆ: ಆ "ಓ" ಅಕ್ಷರ ಈಗ ಹೆಚ್ಚುಕಡಿಮೆ ಪ್ರತ್ಯಯಕ್ಕೆ ಮಾತ್ರ ಬಳಕೆ, ಕಂಡ ತಕ್ಷಣ ಕರ್ಮ ಇಲ್ಲಿದೆ ಅಂತ ಗೊತ್ತಾಗುತ್ತೆ.

ಹಳಗನ್ನಡ_ಪ್ರೇಮಿ · ಸಂಜೆ 5:40

ಇಷ್ಟೆಲ್ಲಾ ಹೊಂದಿಕೆ ನೋಡಿದ್ರೆ ಜಪಾನಿ ಭಾಷೆ ದ್ರಾವಿಡ ಮೂಲದ್ದೇ ಅನ್ನೋದು ಖಾತ್ರಿ. ಜಪಾನಿನ ವಿದ್ವಾಂಸರೊಬ್ಬರೇ ತಮಿಳಿನ ಜೊತೆ ನಂಟು ಇದೆ ಅಂದಿದ್ದಾರೆ.

ಪದ್ಮನಾಭನಗರ_ಸೆನ್ಸೇ · ಸಂಜೆ 6:02

ನೀವು ಹೇಳ್ತಿರೋದು ಸುಸುಮು ಓನೊ ಅವರ ವಾದ. ದೊಡ್ಡ ವಿದ್ವಾಂಸರು, 2008ರಲ್ಲಿ ತೀರಿಕೊಂಡರು. ಆದ್ರೆ ಅವರ ತಮಿಳು–ಜಪಾನಿ ವಾದವನ್ನ ಬಹುತೇಕ ಭಾಷಾವಿಜ್ಞಾನಿಗಳು ಒಪ್ಪಿಲ್ಲ. ಕರ್ತೃ, ಕರ್ಮ, ಕ್ರಿಯೆ ಅನ್ನೋ ಕ್ರಮ, ಪದದ ಹಿಂದೆ ಅಂಟೋ ಪ್ರತ್ಯಯ, ಇವು ಕೊರಿಯನ್‌ನಲ್ಲೂ ಟರ್ಕಿಶ್‌ನಲ್ಲೂ ಇವೆ. ರಚನೆ ಹೋಲಿದ ಮಾತ್ರಕ್ಕೆ ರಕ್ತಸಂಬಂಧ ಆಗಲ್ಲ. ಕಲಿಯೋಕೆ ಹೋಲಿಕೆ ಸಾಕು, ನಂಟಸ್ತಿಕೆ ಬೇಕಿಲ್ಲ.

ಹಳಗನ್ನಡ_ಪ್ರೇಮಿ · ಸಂಜೆ 6:20

ಖಾತ್ರಿ ಅನ್ನೋ ಪದ ವಾಪಸ್ ತಗೋತೀನಿ. ಆದ್ರೂ ಕೊರೆ–ಸೊರೆ–ಅರೆ ಮೂರು ಹಂತ ನೋಡಿ. ನನ್ನ ಹತ್ತಿರ, ನಿನ್ನ ಹತ್ತಿರ, ಇಬ್ಬರಿಗೂ ದೂರ. ನಾವು ಇದು–ಅದು ಎರಡರಲ್ಲೇ ನಿಭಾಯಿಸ್ತೀವಿ. ಜಾಫ್ನಾ ಕಡೆಯ ತಮಿಳಲ್ಲಿ ನಡುವಿನ "ಉದು" ಇವತ್ತಿಗೂ ಬಳಕೆಯಲ್ಲಿದೆ.

ಜಯನಗರ_ಜಿ · ಸಂಜೆ 6:33

ವಿಷಯ ಎಲ್ಲಿಗೋ ಹೋಗ್ತಿದೆ. ದೊಕೊಕಾ ಎ.

ಕುಡ್ಲದ_ಮೀನು · ಸಂಜೆ 6:35

ದೊಕೊ ಎ ಕಾ ಹೇಳಲಿಲ್ಲ, ಜಿ ಪಾಸ್!

ಮೈಸೂರ್_ಮಲ್ಲಿಗೆ · ರಾತ್ರಿ 8:15

ವಾಕ್ಯದ ಕೊನೆಯ ನೆ, ಯೊ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಕೇಳಿಸಿಕೊಳ್ಳೋ ಭಾಗದಲ್ಲಿ ಕಾ ಜೊತೆ ಇವೂ ಬರುತ್ತವೆ. ನೆ ಅಂದ್ರೆ "ಅಲ್ವಾ": ಸಮುಯ್ ದೆಸು ನೆ, ಚಳಿ ಅಲ್ವಾ. ಎದುರಿನವರೂ ಒಪ್ತಾರೆ ಅಂತ ಗೊತ್ತಿದ್ದೇ ಹೇಳೋದು. ಯೊ ಅಂದ್ರೆ "ಕಣ್ರೀ": ಒಯ್ಶೀ ದೆಸು ಯೊ, ರುಚಿಯಾಗಿದೆ ಕಣ್ರೀ. ಅವರಿಗೆ ಗೊತ್ತಿಲ್ಲದ್ದನ್ನ ತಿಳಿಸೋದು. ಹಿರಿಯರಿಗೆ ಮಾತುಮಾತಿಗೂ ಕಣ್ರೀ ಅಂದ್ರೆ ಹೇಗೋ ಹಾಗೇ, ಯೊ ಅತಿಯಾದ್ರೆ ಮೇಲೆ ಬಿದ್ದು ಹೇಳಿದ ಹಾಗಿರುತ್ತೆ. ಇನ್ನು "ಕಾ ನಾ" ನಮ್ಮ "ಏನೋ": ಅಮೆ ಕಾ ನಾ, ಮಳೆ ಏನೋ.

ನಾಗೋಯಾ_ಕನ್ನಡಿಗ · ರಾತ್ರಿ 8:40

ಭೇಷ್. ಆ ಏನೋದ ಓ ಹಿಡ್ಕೊಂಡು ಇನ್ನೊಂದು ಮೆಟ್ಟಿಲು ಹತ್ತಿ. "ಯಾರು ಬಂದರೋ ಗೊತ್ತಿಲ್ಲ" – "ದಾರೆ ಗಾ ಕಿತಾ ಕಾ ವಕಾರಿಮಾಸೆನ್". "ಬರ್ತಾನೋ ಇಲ್ಲವೋ ಗೊತ್ತಿಲ್ಲ" – "ಕುರು ಕಾ ದೋ ಕಾ ವಕಾರಿಮಾಸೆನ್". ಓ ಇದ್ದ ಕಡೆ ಕಾ ಬಂತು. "ಏನು ತಿಂದರೂ" – "ನಾನಿ ಓ ತಾಬೆತೆ ಮೊ". ಊ ಇದ್ದ ಕಡೆ ಮೊ ಬಂತು. ಎನ್4ನಲ್ಲಿ ಜನ ಒದ್ದಾಡೋ ಪಾಠ ಇದು, ನಿಮಗೆ ಒಂದೇ ಸಂಜೆಯ ಕೆಲಸ.

ಹಾಸನದ_ಸುಮಾ · ರಾತ್ರಿ 9:20

ಇದನ್ನೆಲ್ಲಾ ನೋಟ್ಸ್ ಮಾಡ್ಕೊಂಡೆ. ಕೊನೇದಾಗಿ ಒಂದೇ ಒಂದು: "ನಾಂಜಿ ನಿ" ಅಂತ ನಿ ಬರುತ್ತೆ, "ಇತ್ಸು" ಜೊತೆ ಬರಲ್ಲ. ಎರಡೂ ಸಮಯವೇ ತಾನೇ?

ಜಯನಗರ_ಜಿ · ರಾತ್ರಿ 9:34

ಇದಕ್ಕೆ ನಾನೇ ಕನ್ನಡದಲ್ಲಿ ಹೇಳ್ತೀನಿ. "ಎಷ್ಟು ಗಂಟೆಗೆ ಬರ್ತೀಯ" ಅಂತೀವಿ, ಗೆ ಇದೆ. "ಯಾವಾಗ ಬರ್ತೀಯ" ಅಂತೀವಿ, ಗೆ ಇಲ್ಲ. ಗಡಿಯಾರ, ತಾರೀಖಿನಲ್ಲಿ ಬೆರಳಿಟ್ಟು ತೋರಿಸೋ ಸಮಯಕ್ಕೆ ನಿ. ಇವತ್ತು, ನಾಳೆ, ನಿನ್ನೆ, ಯಾವಾಗ ಅನ್ನೋ ಥರದ್ದಕ್ಕೆ ಬೇಡ: ಕ್ಯೋ, ಅಶಿತಾ, ಕಿನೋ, ಇತ್ಸು. ವಾರದ ಹೆಸರಿಗೆ ಮಾತ್ರ ಸೆನ್ಸೇ ಮೇಲೆ ಹೇಳಿದ ಹಾಗೆ ನಿ ಸೇರಿಸಿ.

ನಾಗೋಯಾ_ಕನ್ನಡಿಗ · ರಾತ್ರಿ 9:36

ಜಿ ಅವರ ಬಾಯಲ್ಲಿ ಕನ್ನಡದ ಉದಾಹರಣೆ! ಸೊ ದೆಸು ನೆ, ಹೌದಲ್ವಾ.